ವರ್ಡ್‌ಪ್ರೆಸ್ ಕೋಡ್‌ನಲ್ಲಿ ದಿನಾಂಕ ಮತ್ತು ಸಮಯವನ್ನು ನಿರ್ವಹಿಸುವ ಕ್ರಮ

ಜಾಲತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ನಡೆಯುವ, ದಿನದ ಪಂಚಾಂಗವನ್ನು ತೋರಿಸುವ ಒಂದು ತಾಣದ ಕೋಡನ್ನು ಕೆಲವು ಕಾಲ ನಾನು ನೋಡಿಕೊಳ್ಳುತ್ತಿದ್ದೆ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ತಿಥಿ ನೋಡುವ ಓದುಗರೊಬ್ಬರು, ಪುಟದಲ್ಲಿ ನಿನ್ನೆಯ ತಾರೀಕೇ ಇದೆ ಎಂದು ಬರೆದರು. ಹಗಲು ಹೊತ್ತಿನಲ್ಲಿ ಎಷ್ಟು ಸಲ ಪರೀಕ್ಷಿಸಿದರೂ ತಪ್ಪು ಸಿಗಲಿಲ್ಲ. ಕೊನೆಗೆ ನೋಡಿದರೆ, ಥೀಮ್‌ನ (ತಾಣದ ರೂಪವನ್ನು ನಿರ್ಧರಿಸುವ ಕೋಡ್‌ನ) ಒಂದು ಸಾಲಿನಲ್ಲಿ, ವರ್ಡ್‌ಪ್ರೆಸ್ ಬರೆದಿರುವ ಭಾಷೆಯಾದ ಪಿಎಚ್‌ಪಿಯ ‘ಡೇಟ್’ ಫಂಕ್ಷನ್ನನ್ನು ನೇರವಾಗಿ ಬಳಸಲಾಗಿತ್ತು. ವರ್ಡ್‌ಪ್ರೆಸ್ ಶುರುವಾಗುವಾಗಲೇ ಪಿಎಚ್‌ಪಿಯ ಕಾಲವಲಯವನ್ನು ಯುಟಿಸಿಗೆ, ಅಂದರೆ ಜಗತ್ತಿನ ಎಲ್ಲ ಕಾಲವಲಯಗಳಿಗೂ ಆಧಾರವಾದ ಸಮಯಕ್ಕೆ, ಹೊಂದಿಸಿಬಿಡುತ್ತದೆ. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ, ನಡುರಾತ್ರಿಯಿಂದ ಬೆಳಿಗ್ಗೆ 5.30ರವರೆಗೆ ಆ ಸಾಲು ಹಿಂದಿನ ದಿನವನ್ನೇ ತೋರಿಸುತ್ತಿತ್ತು.

ಆದ್ದರಿಂದ ಕೋಡ್ ಬರೆಯುವ ಮೊದಲು, ಕೈಯಲ್ಲಿರುವುದು ಒಂದು ಕ್ಷಣವೋ ಅಥವಾ ಗಡಿಯಾರದ ಓದೋ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಲೇಖನ ಪ್ರಕಟವಾದದ್ದು ಒಂದು ಕ್ಷಣ. ಅದು ಬೆಂಗಳೂರಿಗೂ ಲಂಡನ್ನಿಗೂ ಒಂದೇ. ‘ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಸಭೆ’ ಎಂಬುದು ಗಡಿಯಾರದ ಓದು. ಯಾವ ಊರಿನ ಗಡಿಯಾರ ಎಂದು ತಿಳಿಯದೆ ಅದಕ್ಕೆ ಅರ್ಥವಿಲ್ಲ. ನಾನು ಕಂಡ ದೋಷಗಳಲ್ಲಿ ಬಹುಪಾಲು ಈ ಎರಡನ್ನು ಬೆರೆಸಿದ್ದರಿಂದಲೇ ಆದವು.

ಮೊದಲು ಸೆಟ್ಟಿಂಗ್ಸ್‌ನ ಜನರಲ್ ಪುಟದಲ್ಲಿ ಕಾಲವಲಯವನ್ನು ಊರಿನ ಹೆಸರಿನಿಂದಲೇ ಆರಿಸಿರಿ. ಭಾರತದ ತಾಣಕ್ಕೆ ಏಷ್ಯಾ ಪಟ್ಟಿಯ ಕೋಲ್ಕತ್ತ ಸರಿಯಾದ ಆಯ್ಕೆ. ‘ಯುಟಿಸಿ+5:30’ ಎಂದು ಕೊಟ್ಟರೂ ಇಲ್ಲಿ ಇಂದು ಫಲ ಒಂದೇ, ಆದರೆ ಬೇಸಿಗೆಯಲ್ಲಿ ಗಡಿಯಾರವನ್ನು ಮುಂದಿಡುವ ದೇಶಗಳಲ್ಲಿ ಬರಿಯ ಅಂಕಿ ವರ್ಷಕ್ಕೆರಡು ಸಲ ಕೈಕೊಡುತ್ತದೆ.

ಸಮಯವನ್ನು ತೋರಿಸಲು, 2019ರಲ್ಲಿ ಬಂದ 5.3ನೇ ಆವೃತ್ತಿಯಿಂದ ಲಭ್ಯವಿರುವ ‘ಡಬ್ಲ್ಯೂಪಿ_ಡೇಟ್’ ಬಳಸಬೇಕು. ಅದು ತಾಣದ ಕಾಲವಲಯವನ್ನು ಪಾಲಿಸುತ್ತದೆ, ತಿಂಗಳು ಮತ್ತು ವಾರದ ಹೆಸರುಗಳನ್ನು ತಾಣದ ಭಾಷೆಯಲ್ಲಿ ಕೊಡುತ್ತದೆ. ಹಳೆಯ ಪ್ಲಗಿನ್‌ಗಳಲ್ಲಿ ಕಾಣುವ ‘ಕರೆಂಟ್_ಟೈಮ್’ ಫಂಕ್ಷನ್ನಿಗೆ ‘ಟೈಮ್‌ಸ್ಟ್ಯಾಂಪ್’ ಎಂಬ ಆರ್ಗ್ಯುಮೆಂಟ್ ಕೊಡುವ ರೂಢಿಯನ್ನು ಮಾತ್ರ ಕೈಬಿಡಲೇಬೇಕು. ಟೈಮ್‌ಸ್ಟ್ಯಾಂಪ್ ಎಂದರೆ ಯುಟಿಸಿಯಲ್ಲಿ 1970ರ ಜನವರಿ 1ರ ಆರಂಭದಿಂದ ಕಳೆದ ಸೆಕೆಂಡುಗಳ ಎಣಿಕೆ. ಆ ಫಂಕ್ಷನ್ ಅದಕ್ಕೆ ತಾಣದ ಕಾಲವಲಯದ ಅಂತರವನ್ನು, ಅಂದರೆ ನಮ್ಮಲ್ಲಿ 19,800 ಸೆಕೆಂಡುಗಳನ್ನು, ಕೂಡಿಸಿ ಕೊಡುತ್ತದೆ. ಆ ಸಂಖ್ಯೆಯನ್ನು ‘ಡಬ್ಲ್ಯೂಪಿ_ಡೇಟ್’ಗೆ ಕೊಟ್ಟರೆ ಪುಟದ ಸಮಯ ಐದೂವರೆ ಗಂಟೆ ಮುಂದೋಡುತ್ತದೆ; ಕ್ರಾನ್ ಕೆಲಸವನ್ನು (ಗೊತ್ತಾದ ಹೊತ್ತಿಗೆ ತಾನಾಗಿ ನಡೆಯುವ ಕೆಲಸವನ್ನು) ಗೊತ್ತುಮಾಡಲು ಕೊಟ್ಟರೆ ಕೆಲಸವೇ ಅಷ್ಟು ತಡವಾಗುತ್ತದೆ.

ಬಳಕೆದಾರರು ಬರೆದ ತಾರೀಕನ್ನು ಓದಿಕೊಳ್ಳುವಲ್ಲಿ ನಮ್ಮವರಿಗೆ ಇನ್ನೊಂದು ಅಪಾಯವಿದೆ. ಪಿಎಚ್‌ಪಿಯ ‘ಸ್ಟ್ರ್‌ಟುಟೈಮ್’ ಫಂಕ್ಷನ್ ಓರೆಗೆರೆ ಇರುವ ‘01/11/2026’ ಅನ್ನು ಅಮೆರಿಕದ ಕ್ರಮದಲ್ಲಿ ಜನವರಿ 11 ಎಂದು ಓದುತ್ತದೆ. ಅಡ್ಡಗೆರೆ ಇರುವ ‘01-11-2026’ ಅನ್ನು ನವೆಂಬರ್ 1 ಎಂದೇ ಓದುತ್ತದೆ. ಹೀಗೆ ರಾಜ್ಯೋತ್ಸವ ಸಂಕ್ರಾಂತಿಗಿಂತ ಮೊದಲೇ ಬಂದುಬಿಡುತ್ತದೆ, ದೋಷದ ಸೂಚನೆಯೂ ಬರುವುದಿಲ್ಲ. ಆದ್ದರಿಂದ ಊಹೆಗೆ ಬಿಡದೆ, ‘ಡೇಟ್‌ಟೈಮ್‌ಇಮ್ಯೂಟಬಲ್’ ಕ್ಲಾಸಿನ ‘ಕ್ರಿಯೇಟ್‌ಫ್ರಮ್‌ಫಾರ್ಮ್ಯಾಟ್’ ಬಳಸಿ, ದಿನ, ತಿಂಗಳು, ವರ್ಷ ಎಂಬ ಕ್ರಮವನ್ನು ನೀವೇ ಹೇಳಿ, ಜೊತೆಗೆ ‘ಡಬ್ಲ್ಯೂಪಿ_ಟೈಮ್‌ಝೋನ್’ ಕೊಡುವ ಕಾಲವಲಯವನ್ನೂ ಸೇರಿಸಿರಿ. ಫಾರ್ಮ್ಯಾಟಿನ ಮೊದಲಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆ ಇಡುವುದನ್ನು ಮರೆಯಬಾರದು. ಇಲ್ಲದಿದ್ದರೆ ಕೋಡ್ ಓಡಿದ ಹೊತ್ತಿನ ಗಂಟೆ, ನಿಮಿಷ, ಸೆಕೆಂಡುಗಳು ಆ ತಾರೀಕಿಗೆ ಅಂಟಿಕೊಂಡು ಹೋಲಿಕೆಗಳೆಲ್ಲ ಕೆಡುತ್ತವೆ.

ಉಳಿಸುವ ವಿಷಯದಲ್ಲಿ, ಆಗಿಹೋದ ಕ್ಷಣಗಳನ್ನು ಯುಟಿಸಿಯಲ್ಲಿಯೇ ಉಳಿಸುವುದು ಸರಿ. ವರ್ಡ್‌ಪ್ರೆಸ್ ತಾನೇ ಪ್ರತಿ ಪೋಸ್ಟಿಗೆ ಸ್ಥಳೀಯ ಸಮಯ ಮತ್ತು ಜಿಎಂಟಿ ಸಮಯ (ಇಲ್ಲಿ ಯುಟಿಸಿ ಎಂದೇ ಅರ್ಥ) ಎಂದು ಎರಡು ಕಾಲಮ್‌ಗಳನ್ನು ಇಡುತ್ತದೆ. (ಇನ್ನೂ ಪ್ರಕಟವಾಗದ ಕರಡಿನಲ್ಲಿ ಜಿಎಂಟಿ ಕಾಲಮ್ ಬರೀ ಸೊನ್ನೆಗಳಾಗಿರಬಹುದು.) ಮುಂದೆ ನಡೆಯಲಿರುವ ಕಾರ್ಯಕ್ರಮಕ್ಕೆ ಇಷ್ಟು ಸಾಲದು. ನ್ಯೂಜೆರ್ಸಿಯ ಒಂದು ಕನ್ನಡ ಸಂಘವು 2026ರ ನವೆಂಬರ್ 1ರಂದು ಬೆಳಿಗ್ಗೆ ಹತ್ತಕ್ಕೆ ರಾಜ್ಯೋತ್ಸವವನ್ನು ನೇರಪ್ರಸಾರ ಮಾಡುತ್ತದೆ ಎಂದಿಟ್ಟುಕೊಳ್ಳೋಣ. ಅಮೆರಿಕದ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಸರಿಯುವುದು ಅದೇ ಭಾನುವಾರದ ನಸುಕಿನಲ್ಲಿ. ಅಕ್ಟೋಬರ್‌ನಲ್ಲಿ ಅಲ್ಲಿನ ಅಂತರ ಯುಟಿಸಿಗಿಂತ ನಾಲ್ಕು ಗಂಟೆ ಹಿಂದೆ. ಆ ಅಂಕಿಯನ್ನೇ ನಂಬಿ ಕೋಡ್ ಕಾರ್ಯಕ್ರಮವನ್ನು ಯುಟಿಸಿ 14.00ಕ್ಕೆ ಬರೆದಿಟ್ಟರೆ, ಮೈಸೂರಿನಲ್ಲಿರುವ ತಂದೆತಾಯಿ ರಾತ್ರಿ 7.30ಕ್ಕೇ ಫೋನ್ ಹಿಡಿದು ಕೂರುತ್ತಾರೆ. ಕಾರ್ಯಕ್ರಮ ಶುರುವಾಗುವುದು 8.30ಕ್ಕೆ. ಹಾಗಾಗಿ ಕಸ್ಟಮ್ ಫೀಲ್ಡ್‌ನಲ್ಲಿ ‘2026-11-01 10:00’ ಎಂಬ ಗಡಿಯಾರದ ಓದನ್ನೂ, ‘ಅಮೆರಿಕ/ನ್ಯೂಯಾರ್ಕ್’ ಎಂಬ ವಲಯದ ಹೆಸರನ್ನೂ ಒಟ್ಟಿಗೆ ಉಳಿಸಿ, ಯುಟಿಸಿಯನ್ನು ಅವುಗಳಿಂದ ಲೆಕ್ಕಹಾಕಿರಿ. ಯಾವುದೇ ಸರ್ಕಾರ ಮುಂದೆ ಗಡಿಯಾರದ ನಿಯಮವನ್ನು ಬದಲಿಸಿದರೆ, ಸರ್ವರಿನ ಕಾಲವಲಯದ ಪಟ್ಟಿಯನ್ನು ಅಪ್‌ಡೇಟ್ ಮಾಡಿ ಮತ್ತೆ ಲೆಕ್ಕಹಾಕಿದರೆ ಸಾಕಾಗುತ್ತದೆ.

ನಾಳೆಯ ಸಮಯ ಬೇಕಾದಾಗ 86,400 ಸೆಕೆಂಡುಗಳನ್ನು ಕೂಡಿಸಬೇಡಿರಿ. ಮೇಲೆ ಹೇಳಿದ ಭಾನುವಾರಕ್ಕೆ ನ್ಯೂಯಾರ್ಕ್‌ನಲ್ಲಿ 25 ಗಂಟೆಗಳಿವೆ. ಕಾಲವಲಯವಿರುವ ಆಬ್ಜೆಕ್ಟಿಗೆ ಒಂದು ದಿನವನ್ನು ಕೂಡಿಸಿದರೆ ಸರಿಯಾದ ಉತ್ತರ ಬರುತ್ತದೆ.

ಪರೀಕ್ಷಿಸಲು ನಡುರಾತ್ರಿಯವರೆಗೆ ಎಚ್ಚರವಿರಬೇಕಾಗಿಲ್ಲ. ‘ಈಗ’ ಎಂಬುದನ್ನು ಫಂಕ್ಷನ್ನಿನ ಒಳಗೆ ಕೇಳದೆ, ಹೊರಗಿನಿಂದ ಆರ್ಗ್ಯುಮೆಂಟಾಗಿ ಕೊಡುವಂತೆ ಬರೆಯಿರಿ. ಆಮೇಲೆ ಕೋಲ್ಕತ್ತ ವಲಯದ ಬೆಳಿಗ್ಗೆ 4.30 ಮತ್ತು 5.31 ಎರಡನ್ನೂ ಕೊಟ್ಟು ಒಂದೇ ತಾರೀಕು ಬರುತ್ತದೆಯೇ ನೋಡಿರಿ. ನಂತರ ಯುಟಿಸಿಯ 2026ರ ನವೆಂಬರ್ 1ರ 5.30 ಮತ್ತು 6.30 ಕೊಟ್ಟು ನೋಡಿರಿ: ನ್ಯೂಯಾರ್ಕ್‌ನ ಗಡಿಯಾರದಲ್ಲಿ ಇವೆರಡೂ ನಸುಕಿನ 1.30 ಎಂದೇ ಬರುತ್ತವೆ, ಆದರೂ ನಿಮ್ಮ ಕೋಡ್ ಇವನ್ನು ಎರಡು ಬೇರೆ ಕ್ಷಣಗಳೆಂದೇ ಎಣಿಸಬೇಕು.