ಮುಂಬೈ ಸೆಖೆಯಲ್ಲಿ ಗೋಸುಂಬೆಗೆ ಯುವಿಬಿ: ನನ್ನ ಅನುಭವ

ಏಪ್ರಿಲ್, ಮೇ ತಿಂಗಳಲ್ಲಿ ನಾನು ನನ್ನ ಗೋಸುಂಬೆಯ ಗೂಡಿಗೆ ಹೀಟ್ ಬಲ್ಬ್ ಹಾಕುವುದೇ ಇಲ್ಲ. ಇದನ್ನು ಕೇಳಿ ಪುಣೆಯ ಗೆಳೆಯರೊಬ್ಬರು, "ಬಿಸಿ ಇಲ್ಲದಿದ್ರೆ ಅದು ಮೇಲೆ ಹತ್ತುವುದೇ ಇಲ್ಲ ಮಾರಾಯ್ರೇ, ಯುವಿಬಿ ಹೇಗೆ ಸಿಗ್ತದೆ? ಮೂಳೆ ಬಾಗಿದ ಮೇಲೆ ಗೊತ್ತಾಗ್ತದೆ ನಿಮಗೆ" ಅಂದಿದ್ದರು. ಯುವಿಬಿ ಅಂದರೆ ಬಿಸಿಲಿನಲ್ಲಿರುವ ನೇರಳಾತೀತ ಕಿರಣ, ಅದಿಲ್ಲದಿದ್ದರೆ ಗೋಸುಂಬೆಯ ಮೂಳೆಗೆ ಕ್ಯಾಲ್ಸಿಯಂ ಹಿಡಿಯುವುದಿಲ್ಲ. ಮನೆಯೊಳಗಿನ ಗೂಡಿನಲ್ಲಿ ಅದು ಮೇಲೆ ಕಟ್ಟಿದ ದೀಪದಿಂದಲೇ ಸಿಗಬೇಕು. ಮುಂಬೈ ಹತ್ತಿರದ ಡೊಂಬಿವ್ಲಿಯ ನಮ್ಮ ಫ್ಲ್ಯಾಟಿನಲ್ಲಿ ನನ್ನ ಗೋಸುಂಬೆ ಪಚ್ಚೆಗೆ ಈಗ ಮೂರನೇ ಬೇಸಿಗೆ ಮುಗಿದಿದೆ. ಮೊನ್ನೆ ವೈದ್ಯರು ಎಕ್ಸ್‌ರೇ ತೆಗೆದರು. ಕಾಲಿನ ಮೂಳೆ ನೆಟ್ಟಗಿದೆ, ದವಡೆ ಗಟ್ಟಿಯಾಗಿದೆ. ಇನ್ನು ಬರೆಯಬಹುದು ಅನ್ನಿಸಿತು.

ಪಚ್ಚೆ ಗಂಡು ವೇಲ್ಡ್ ಕೆಮೀಲಿಯನ್, ಯೆಮನ್ ಕಡೆಯ ಜಾತಿ. ನಮ್ಮ ಕಾಡಿನ ಗೋಸುಂಬೆಯನ್ನು ಹಿಡಿದು ಸಾಕುವಂತಿಲ್ಲ, ಅದು ವನ್ಯಜೀವಿ ಕಾಯ್ದೆಯಡಿ ಬರುತ್ತದೆ. ಹೊರದೇಶದ ಈ ಜಾತಿಗೂ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಬೇಕು. ಅದನ್ನು ಮಾಡಿಸಿಕೊಂಡವರಿಗೆ ಮುಂದಿನ ಮಾತು.

ಗೂಡು 2 ಅಡಿ ಅಗಲ, 2 ಅಡಿ ಆಳ, 4 ಅಡಿ ಎತ್ತರ. ಅಲ್ಯುಮಿನಿಯಂ ಕಿಟಕಿ ಮಾಡುವವರ ಹತ್ತಿರ ಮಾಡಿಸಿದ್ದು, ಸುಮಾರು 4500 ರೂಪಾಯಿ ಆಯಿತು. ಹಣ ಹೋಗಿದ್ದೆಲ್ಲ ಬೆಳಕಿಗೆ.

ಮೊದಲು ಹಾಕಿದ್ದು ಸುರುಳಿ ಆಕಾರದ ಯುವಿಬಿ ಬಲ್ಬ್. 1500ರ ಆಸುಪಾಸು. ಯುವಿ ಅಳೆಯುವ ಮೀಟರ್ ಹಿಡಿದರೆ ಬಲ್ಬಿನ ಕೆಳಗೆ ಅಂಗೈಯಷ್ಟು ಜಾಗದಲ್ಲಿ ಮಾತ್ರ ಯುವಿ ಇತ್ತು, ಪಕ್ಕದ ಕೊಂಬೆಯಲ್ಲಿ ಇಲ್ಲವೇ ಇಲ್ಲ. ಆಮೇಲೆ ಅಮೆರಿಕದಿಂದ ಬಂದ ಒಂದು ಸೆಕೆಂಡ್ ಹ್ಯಾಂಡ್ ಟಿ5 (ತೆಳ್ಳನೆಯ ಟ್ಯೂಬ್‌ಲೈಟ್) ಫಿಟ್ಟಿಂಗ್ ಸಿಕ್ಕಿತು. ಲೇಬಲ್ ಕಿತ್ತುಹೋಗಿತ್ತು. ಅದು 110 ವೋಲ್ಟಿನದು. ನಮ್ಮ 230ಕ್ಕೆ ಹಾಕಿದ ತಕ್ಷಣ ಚೋಕ್ ಸುಟ್ಟಿತು, 5000 ಹೋಯಿತು. ಕೊಟ್ಟವರು ಫೋನ್ ಎತ್ತಲಿಲ್ಲ. ಕೊನೆಗೆ 24 ವ್ಯಾಟಿನ ಟಿ5 ಹೈ ಔಟ್‌ಪುಟ್, 6 ಪರ್ಸೆಂಟ್ ಯುವಿಬಿ ಟ್ಯೂಬ್, ರಿಫ್ಲೆಕ್ಟರ್ ಸಮೇತ ಹೊಸದನ್ನೇ ತಂದೆ. ಹತ್ತು ಸಾವಿರಕ್ಕೆ ಸ್ವಲ್ಪ ಕಡಿಮೆ. ಇದರಲ್ಲಿ ಉಳಿತಾಯದ ದಾರಿ ನನಗೆ ಸಿಕ್ಕಿಲ್ಲ.

ಮೀಟರ್ ಅಂದರೆ ಸೋಲಾರ್‌ಮೀಟರ್ 6.5. ಇಪ್ಪತ್ತೈದು ಸಾವಿರದ ಹತ್ತಿರ ಬಿತ್ತು, ನಾವು ಮೂವರು ಸೇರಿ ಕೊಂಡೆವು. ಅದು ಬಂದ ಮೇಲೆ ಎಷ್ಟೋ ವಾದ ನಿಂತುಹೋಯಿತು. ಟ್ಯೂಬಿನ ಕೆಳಗೆ ಗೂಡಿನ ಸೊಳ್ಳೆ ಜಾಲರಿ ಇದ್ದರೆ ಯುವಿ ಸೂಚ್ಯಂಕ (ಯುವಿಯ ತೀವ್ರತೆಯ ಅಳತೆ) ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿಯಿತು. ಅದಕ್ಕೆ ಮೇಲಿನ ಜಾಲರಿಯನ್ನು ಮಾತ್ರ ಅಗಲ ಕಣ್ಣಿನದ್ದಕ್ಕೆ ಬದಲಿಸಿದೆ. ಟ್ಯೂಬಿನಿಂದ ಪಚ್ಚೆಯ ಬೆನ್ನಿಗೆ ಸುಮಾರು 20 ಸೆಂಟಿಮೀಟರ್ ಇಟ್ಟರೆ ಸೂಚ್ಯಂಕ 3 ಬರುತ್ತದೆ. ಅಷ್ಟು ಸಾಕು, ಜಾಸ್ತಿಯಾದರೆ ಕಣ್ಣಿಗೆ ಪೆಟ್ಟು. ಮುಚ್ಚಿದ ಕಿಟಕಿಯ ಗಾಜಿನ ಹಿಂದೆ ಬೆಳಗಿನ ಬಿಸಿಲಲ್ಲಿ ಮೀಟರ್ ಹಿಡಿದಿದ್ದೆ. ಸೊನ್ನೆ. "ಕಿಟಕಿ ಪಕ್ಕ ಇಟ್ಟಿದ್ದೇವೆ, ಬಿಸಿಲು ಬೀಳುತ್ತೆ" ಅನ್ನುವವರು ಇದನ್ನೊಮ್ಮೆ ನೋಡಬೇಕು.

ಈಗ ಬಿಸಿಯ ವಿಷಯ. ಪುಣೆಯಲ್ಲಿ ರಾತ್ರಿ ತಂಪಾಗುತ್ತದೆ, ಬೆಳಿಗ್ಗೆ ಬಲ್ಬ್ ಬೇಕೇ ಬೇಕು. ಅಲ್ಲಿನ ಲೆಕ್ಕ ಇಲ್ಲಿಗೆ ಕೂಡುವುದಿಲ್ಲ. ಮೇನಲ್ಲಿ ಎಸಿ ಇಲ್ಲದ ನಮ್ಮ ಕೋಣೆ ಹಗಲು 33 ಡಿಗ್ರಿ, ರಾತ್ರಿ 28. ಗಂಡಿಗೆ ಬಿಸಿ ಕಾಯುವ ಕೊಂಬೆಯಲ್ಲಿ 29 ಇದ್ದರೆ ಸಾಕು, ಹೆಣ್ಣಿಗೆ 27. ಹಾಗಿದ್ದ ಮೇಲೆ ಬಲ್ಬ್ ಯಾಕೆ? ಗೆಳೆಯರ ಆಕ್ಷೇಪ ಸುಳ್ಳಲ್ಲ, ಬಿಸಿ ಇಲ್ಲದಿದ್ದರೆ ಅದು ಕೆಳಗಿನ ಎಲೆಗಳಲ್ಲೇ ಉಳಿಯುತ್ತದೆ. ಆದರೆ ಅದನ್ನು ಮೇಲೆ ಕರೆಯಲು ಬಿಸಿಯೇ ಬೇಕಿಲ್ಲ, ಬೆಳಕು ಸಾಕು. ಟ್ಯೂಬಿನ ಪಕ್ಕಕ್ಕೆ 6500 ಕೆಲ್ವಿನ್‌ನ (ಹಗಲಿನಂಥ ಬಿಳಿ ಬೆಳಕಿನ) ಎಲ್‌ಇಡಿ ಬಾರ್ ಕಟ್ಟಿದೆ, 600 ರೂಪಾಯಿ. ನೀರು ತೊಟ್ಟಿಕ್ಕುವ ಡ್ರಿಪ್ಪರನ್ನೂ ಮೇಲಿನ ಕೊಂಬೆಗೇ ತಂದೆ. ವಾರದೊಳಗೆ ಪಚ್ಚೆ ದೀಪ ಹತ್ತಿದ ಕೂಡಲೇ ಮೇಲೆ ಬಂದು ಕೂರಲು ಶುರು ಮಾಡಿತು. ಎಲೆಯ ಮರೆಯನ್ನು ಎಲ್ಲಿ, ಎಷ್ಟು ಬಿಡಬೇಕು ಅನ್ನುವುದರಲ್ಲಿ ಇನ್ನೊಂದು ಗುಟ್ಟಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಗೂಡು ನೋಡಲು ಬಂದವರಿಗೆ ತೋರಿಸುತ್ತೇನೆ.

ಮಳೆಗಾಲ ಬೇರೆಯೇ. ಜುಲೈನಲ್ಲಿ ಜಾಲರಿ, ಕೊಂಬೆ, ಎಲೆ ಯಾವುದೂ ಒಣಗುವುದಿಲ್ಲ. ಆಗ ಬೆಳಿಗ್ಗೆ ಮೂರು ತಾಸು 50 ವ್ಯಾಟಿನ ಹ್ಯಾಲೊಜನ್ ಹಾಕುತ್ತೇನೆ, ಮೈ ಬೆಚ್ಚಗಾಗಲು ಎಷ್ಟೋ ಗೂಡು ಒಣಗಲೂ ಅಷ್ಟೇ. ಪೆಟ್ ಅಂಗಡಿಯ ಬಾಸ್ಕಿಂಗ್ ಬಲ್ಬಿಗೆ 700 ಕೊಡಬೇಡಿ. ಮುಂಬೈಯ ಎಲೆಕ್ಟ್ರಿಕಲ್ ಪೇಟೆ ಲೋಹಾರ್ ಚಾಲ್‌ನಲ್ಲಿ ಅದೇ ಕೆಲಸದ ಹ್ಯಾಲೊಜನ್ 120ಕ್ಕೆ ಸಿಕ್ಕಿತು. ಜೊತೆಗೆ ಡಿಮ್ಮರ್ ಇರಲಿ. ಬಲ್ಬನ್ನು ಜಾಲರಿಯಿಂದ ಮೂರ್ನಾಲ್ಕು ಇಂಚು ಎತ್ತರಿಸಿ, ಯಾಕೆಂದರೆ ಇವು ಜಾಲರಿಗೆ ತಲೆಕೆಳಗಾಗಿ ನೇತಾಡುತ್ತವೆ. ಥರ್ಮಾಮೀಟರಿನ ತುದಿಯನ್ನು ಕೊಂಬೆಯ ಮೇಲಲ್ಲ, ತಲೆಯ ಕಿರೀಟದ ಎತ್ತರಕ್ಕೆ ಹಿಡಿಯಿರಿ. ಗಂಡು ಬೆಳೆದಂತೆ ಕಿರೀಟ ಎತ್ತರವಾಗುತ್ತದೆ, ಮೊದಲು ಸುಡುವುದು ಅದೇ. ಬಾಯಿ ತೆರೆದು ಬಣ್ಣ ಬಿಳಿಚಿಕೊಂಡರೆ ಬಿಸಿ ಜಾಸ್ತಿ. ಮೈ ಚಪ್ಪಟೆ ಮಾಡಿ ಕಪ್ಪಾಗಿ ಬೆಳಕಿಗೆ ಒಡ್ಡಿದರೆ ಕಡಿಮೆ.

ರಾತ್ರಿ ಕೆಂಪು ಬಲ್ಬ್, ಸೆರಾಮಿಕ್ ಹೀಟರ್ ಯಾವುದೂ ಬೇಡ, ರಾತ್ರಿ ತಂಪಾಗಬೇಕು. ಮೇನಲ್ಲಿ ಹಳೆ ಕಂಪ್ಯೂಟರ್ ಫ್ಯಾನುಗಳಿಂದ ಗೂಡಿನ ಗಾಳಿ ಎಳೆದು ನೋಡಿದೆ. ಕೋಣೆಯ ಗಾಳಿಯೇ 28 ಇರುವಾಗ ಏನೂ ಆಗಲಿಲ್ಲ. ಮಂಜು ಬಿಡುವ ಫಾಗರ್ ಹಾಕಿದರೆ ಉಸಿರುಗಟ್ಟುವ ಹಾಗಾಯಿತು. ಈಗ ಎರಡು ತಿಂಗಳು ಗೂಡನ್ನು ಎಸಿ ಇರುವ ಮಲಗುವ ಕೋಣೆಯಲ್ಲೇ ಇಡುತ್ತೇನೆ, ರಾತ್ರಿ ಎಸಿ 25ಕ್ಕೆ. ಎಸಿ ಗಾಳಿ ಒಣಗಿಸುತ್ತದೆ, ಅದಕ್ಕೆ ಬೆಳಗಿನ ಜಾವ ಒಮ್ಮೆ ಮಿಸ್ಟಿಂಗ್, ಅಂದರೆ ನೀರಿನ ತುಂತುರು.

ಎಸಿ ಬಿಟ್ಟರೆ ಕರೆಂಟ್ ಖರ್ಚು ದೊಡ್ಡದಲ್ಲ. ಟ್ಯೂಬ್ 12 ತಾಸು, ಹ್ಯಾಲೊಜನ್ 3 ತಾಸು ಉರಿದರೆ ತಿಂಗಳಿಗೆ 13-14 ಯೂನಿಟ್, ಎಲ್‌ಇಡಿ ಸೇರಿಸಿದರೆ ಇನ್ನು ಸ್ವಲ್ಪ. ಟ್ಯೂಬ್ ಉರಿಯುತ್ತಲೇ ಇದ್ದರೂ ಯುವಿ ಇಳಿಯುತ್ತಾ ಹೋಗುತ್ತದೆ, ಮೀಟರ್ ಇಲ್ಲದವರು ವರ್ಷಕ್ಕೊಮ್ಮೆ ಬದಲಿಸಲೇಬೇಕು. ನನ್ನದು ಹದಿನಾಲ್ಕು ತಿಂಗಳಾದರೂ 2.5 ತೋರಿಸುತ್ತಿದೆ. 2ಕ್ಕೆ ಇಳಿದ ದಿನ ತೆಗೆಯುತ್ತೇನೆ. ಕಲ್ಯಾಣ, ಡೊಂಬಿವ್ಲಿ, ಠಾಣೆ ಕಡೆಯವರು ನಿಮ್ಮ ಟ್ಯೂಬ್ ಅಳೆಯಬೇಕಿದ್ದರೆ ಹೇಳಿ, ಭಾನುವಾರ ಮೀಟರ್ ನನ್ನ ಹತ್ತಿರ ಇರುತ್ತದೆ.