ಕಾಂಪ್ಲೆಕ್ಸ್ ನಂಬರ್‌ಗಳ ಡೈಮೆನ್ಷನ್: ಮೊದಲು ಫೀಲ್ಡ್ ನೋಡಿ

"ಸರ, ಕಾಂಪ್ಲೆಕ್ಸ್ ನಂಬರ್‌ಗಳ ಡೈಮೆನ್ಷನ್ ಒಂದ್ ಕಡೆ 1 ಅಂತ ಐತ್ರಿ, ಇನ್ನೊಂದ್ ಕಡೆ 2 ಅಂತ ಐತ್ರಿ. ಖರೇ ಯಾವ್ದು?"

ನವಲಗುಂದದಿಂದ ಬಂದು ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡಿರುವ ಬಿಎಸ್ಸಿ ಹುಡುಗಿ ಕೇಳಿದ್ದು. "ಎರಡೂ ಖರೇನವಾ. ಗುಣಿಸಲಿಕ್ಕೆ ಯಾವ ಸಂಖ್ಯೆ ಕೊಟ್ಟಾರ, ಅದನ್ನ ಮೊದಲ ನೋಡು" ಅಂದೆ.

ನೀವೂ ಪ್ರಶ್ನೆಯಲ್ಲಿ ‘ಮೇಲೆ’ ಅನ್ನುವ ಪದ ಹುಡುಕಿ, ಅದರ ಹಿಂದೆ ಯಾವ ಫೀಲ್ಡ್ (ಗುಣಿಸಲು ಕೊಟ್ಟ ಸಂಖ್ಯೆಗಳ ಗುಂಪು) ಇದೆ ಅಂತ ಪೆನ್ಸಿಲ್‌ನಿಂದ ಸುತ್ತು ಹಾಕಿ. ಪೆನ್ನು ಆಮೇಲೆ.

ರಿಯಲ್ ನಂಬರ್‌ಗಳ ಮೇಲೆ ಅಂತಿದ್ದರೆ ಬೇಸಿಸ್, ಅಂದರೆ ಗುಣಿಸಿ ಕೂಡಿಸಿ ಉಳಿದೆಲ್ಲವನ್ನೂ ಕಟ್ಟಲು ಬೇಕಾದಷ್ಟೇ ಸಂಖ್ಯೆಗಳು, 1 ಮತ್ತು ಐ (ಐ ವರ್ಗ = −1). ಬೇಸಿಸ್‌ನಲ್ಲಿ ಎಷ್ಟು ಇವೆಯೋ ಅದೇ ಡೈಮೆನ್ಷನ್. ಆ ಹುಡುಗಿ ನೋಟ್‌ಬುಕ್‌ನಲ್ಲಿ "ಎಲ್ಲಾ ಸಂಖ್ಯೆಯೂ ಎ + ಬಿ·ಐ ರೂಪದಲ್ಲಿದೆ, ಆದ್ದರಿಂದ ಡೈಮೆನ್ಷನ್ 2" ಅಂತ ಬರೆದು ಕೆಳಗೆ ಗೆರೆ ಎಳೆದಿದ್ದಳು. ಅರ್ಧ ಕೆಲಸ ಅಷ್ಟೇ ಆಯಿತು. ಈ ಎರಡರಲ್ಲಿ ಒಂದೂ ಜಾಸ್ತಿ ಇಲ್ಲ ಅಂತಲೂ ತೋರಿಸಬೇಕು ಅಲ್ವಾ? ಎ, ಬಿ ರಿಯಲ್ ನಂಬರ್‌ಗಳು, ಎ + ಬಿ·ಐ = 0 ಅಂತ ಇಟ್ಟುಕೊಳ್ಳಿ. ಬಿ ಸೊನ್ನೆ ಅಲ್ಲದಿದ್ದರೆ ಐ = −ಎ/ಬಿ, ಅಂದರೆ ಐ ಒಂದು ರಿಯಲ್ ನಂಬರ್ ಆಗಿಬಿಡುತ್ತದೆ. ಯಾವ ರಿಯಲ್ ನಂಬರ್‌ನ ವರ್ಗವೂ −1 ಆಗಲ್ಲ. ಹಾಗಾಗಿ ಬಿ ಸೊನ್ನೆ, ಆಗ ಎ ಕೂಡ ಸೊನ್ನೆ. ಈಗ ಧೈರ್ಯವಾಗಿ 2 ಅಂತ ಬರೆಯಿರಿ.

ಕಾಂಪ್ಲೆಕ್ಸ್ ನಂಬರ್‌ಗಳ ಮೇಲೆಯೇ ಅಂತಿದ್ದರೆ 1 ಒಂದೇ ಸಾಕು. ಅದನ್ನು ಐ ಇಂದ ಗುಣಿಸಿದರೆ ಐ ಬಂತು, 3+5ಐ ಇಂದ ಗುಣಿಸಿದರೆ 3+5ಐ ಬಂತು. ಡೈಮೆನ್ಷನ್ 1.

ಇದು ಹೇಗೆ ಅಂತ ಕಣ್ಣಿಗೆ ಕಾಣಬೇಕಾದರೆ ನಮ್ಮ ಚಿಗರಿ ಬಸ್ ನೆನೆಸಿಕೊಳ್ಳಿ. ತನ್ನ ಲೇನ್‌ನಲ್ಲಿ ಹುಬ್ಬಳ್ಳಿಗೆ ಹೋಗುತ್ತದೆ, ಧಾರವಾಡಕ್ಕೆ ಬರುತ್ತದೆ. ರಿಯಲ್ ಸ್ಕೇಲರ್ (ಗುಣಿಸುವ ಸಂಖ್ಯೆ) ಮಾಡುವುದೂ ಅಷ್ಟೇ: ಉದ್ದ ಮಾಡುತ್ತದೆ, ಗಿಡ್ಡ ಮಾಡುತ್ತದೆ, ಹಿಂದಕ್ಕೆ ತಿರುಗಿಸುತ್ತದೆ. ಅಡ್ಡ ಓಣಿಗೆ ಹೋಗಲು ಇನ್ನೊಂದು ದಿಕ್ಕೇ ಬೇಕು. ಐ ಇಂದ ಗುಣಿಸಿದರೆ 90 ಡಿಗ್ರಿ ಹೊರಳುತ್ತದೆ. ಕಾಂಪ್ಲೆಕ್ಸ್ ಸ್ಕೇಲರ್‌ಗೆ ಈ ಹೊರಳುವಿಕೆ ಬರುವುದರಿಂದಲೇ ಅದು ಒಂದೇ ವೆಕ್ಟರ್‌ನಿಂದ (ಇಲ್ಲಿ 1) ಕಾಂಪ್ಲೆಕ್ಸ್ ನಂಬರ್‌ಗಳ ಇಡೀ ಸಮತಲ ಮುಟ್ಟುತ್ತದೆ. ನನಗೆ ಈ ಪಾಠದಲ್ಲಿ ಬಹಳ ಪ್ರೀತಿಯ ಜಾಗ ಇದು.

ಭಾಗಲಬ್ಧ ಸಂಖ್ಯೆಗಳ ಮೇಲೆ ಅಂತ ಕೇಳಿದರೆ ಉತ್ತರ ಅನಂತ. ಪೈ ಯಾವ ಭಾಗಲಬ್ಧ ಗುಣಾಂಕದ ಬಹುಪದಕ್ಕೂ ಮೂಲ ಆಗಲ್ಲ (ಪೈ ಹಾಕಿದರೆ ಸೊನ್ನೆ ಬರಲ್ಲ) ಅಂತ ಜರ್ಮನ್ ಗಣಿತಜ್ಞ ಲಿಂಡೆಮನ್ 1882ರಲ್ಲಿ ಸಾಧಿಸಿದರು. ಬಹುಪದದ ಗುಣಾಂಕಗಳೆಲ್ಲ ಸೊನ್ನೆ ಇದ್ದರೆ ಮಾತು ಬೇರೆ. ಅಂದರೆ 1, ಪೈ, ಪೈ ವರ್ಗ, ಪೈ ಘನ, ಹೀಗೆ ಎಷ್ಟು ತಗೊಂಡರೂ, ಉಳಿದವನ್ನು ಭಾಗಲಬ್ಧ ಸಂಖ್ಯೆಗಳಿಂದ ಗುಣಿಸಿ ಕೂಡಿಸಿದರೆ ಯಾವುದೊಂದೂ ಸಿಗಲ್ಲ.

ಈಗ ನೀವೇ ಒಂದು ಮಾಡಿ ನೋಡಿ. 2+ಐ, 1+2ಐ ತಗೊಳ್ಳಿ. ರಿಯಲ್ ಮೇಲೆ ಇವೆರಡೂ ಸೇರಿ ಬೇಸಿಸ್. ಕಾಂಪ್ಲೆಕ್ಸ್ ಮೇಲೆ ಒಂದು ಜಾಸ್ತಿಯಾಯಿತು. 2+ಐ ಅನ್ನು ಯಾವುದರಿಂದ ಗುಣಿಸಿದರೆ 1+2ಐ ಬರುತ್ತದೆ? ಭಾಗಿಸಿ. (4+3ಐ)/5 ಬಂದರೆ ಸರಿ.