ಮಸಿ ಎಲ್ಲಿ ಹೋಗುತ್ತಿತ್ತು?

ನಮ್ಮನೆ ಶಿರಸಿ ಪೇಟೆಯಿಂದ ಹದಿನಾಲ್ಕು ಕಿಲೋಮೀಟರ್ ದೂರ, ತೋಟದ ನಡುವೆ. ಸಂಜೆ ಹನ್ನೆರಡು ಮಕ್ಕಳು ಗಣಿತದ ಟ್ಯೂಷನ್ನಿಗೆ ಬರುತ್ತಾರೆ. ಶನಿವಾರ ಶನಿವಾರ ಎಲ್ಲರಿಗೂ ಒಂದೊಂದು ಪ್ರಶ್ನೆಪತ್ರಿಕೆ. ಅದಕ್ಕಾಗಿ ಪೇಟೆಯ ಝೆರಾಕ್ಸ್ ಅಂಗಡಿಗೆ ಹೋಗಬೇಕು. ಹೆಂಗಸರಿಗೆ ಬಸ್ ಚಾರ್ಜು ಇಲ್ಲ, ಸರಿ. ನಮ್ಮೂರಿಗೆ ಬಸ್ಸೂ ಇಲ್ಲ, ದಿನಕ್ಕೆರಡು ಬಿಟ್ಟರೆ. ಅದಕ್ಕೇ 3,400 ರೂಪಾಯಿಗೆ ಒಂದು ಇಂಕ್‌ಜೆಟ್ ಪ್ರಿಂಟರ್ ತಂದೆ. ಸ್ಕ್ಯಾನು, ಕಾಪಿ, ಕಲರು ಎಲ್ಲ ಅದರಲ್ಲೇ. ಅಷ್ಟು ಕಡಿಮೆಗೆ ಹೇಗೆ ಕೊಡುತ್ತಾರೆ ಎಂದು ಆಗ ಯೋಚಿಸಲಿಲ್ಲ.

ಮಸಿ ತುಂಬಿದ ಮೊದಲ ಕಾರ್ಟ್ರಿಜ್ ಖಾಲಿಯಾದಾಗ ಗೊತ್ತಾಯಿತು. ಹೊಸ ಕಪ್ಪು ಕಾರ್ಟ್ರಿಜ್ಜಿಗೆ 840 ರೂಪಾಯಿ. ಡಬ್ಬಿಯ ಮೇಲೆ 120 ಪುಟ ಎಂದು ಬರೆದಿತ್ತು. ಆ ಪುಟ ಎಂದರೆ ಏನು ಎಂದು ಆಮೇಲೆ ಓದಿ ತಿಳಿದೆ: ಹಾಳೆಯ ನೂರು ಪಾಲಿನಲ್ಲಿ ಸುಮಾರು ಐದು ಪಾಲಿಗೆ ಮಾತ್ರ ಮಸಿ ತಾಗಿದರೆ ಅದು ಅವರ ಲೆಕ್ಕದ ಒಂದು ಪುಟ. ನನ್ನ ಪತ್ರಿಕೆಯಲ್ಲಿ ತ್ರಿಕೋನ, ವೃತ್ತ, ಗ್ರಾಫಿನ ಚೌಕ. ಗೋಡೆಯ ಕ್ಯಾಲೆಂಡರಿನ ಹಿಂಬದಿಗೆ ಲೆಕ್ಕ ಬರೆಯುತ್ತ ಹೋದೆ. ಮೂರು ಕಾರ್ಟ್ರಿಜ್ಜಿಗೆ 2,520 ರೂಪಾಯಿ, ಬಂದದ್ದು 190 ಪುಟ. ಪುಟಕ್ಕೆ 13 ರೂಪಾಯಿ! ಪೇಟೆಯಲ್ಲಿ ಝೆರಾಕ್ಸಿಗೆ ಎರಡು ರೂಪಾಯಿ.

ಮಾವಯ್ಯ ಜಗಲಿಯಲ್ಲಿ ಕವಳ ಹಾಕುತ್ತ ಇದನ್ನೆಲ್ಲ ನೋಡುತ್ತಿದ್ದರು. "ದನಕ್ಕೆ ಹಿಂಡಿ ಹಾಕಿರೆ ಹಾಲಾದ್ರೂ ಕೊಡ್ತು ತಂಗಿ. ಇದು ಎಂತ ಕೊಡ್ತು?" ಎಂದರು.

ಸಿರಿಂಜಿನಲ್ಲಿ ಇಂಕು ತುಂಬುವ ಸಾಹಸವನ್ನೂ ಮಾಡಿದೆ. ಕಪ್ಪು ಹೇಗೋ ಆಯಿತು. ಕಲರ್ ಕಾರ್ಟ್ರಿಜ್ಜಿನೊಳಗೆ ಮೂರು ಕೋಣೆ, ಮೂರರಲ್ಲೂ ಸ್ಪಂಜು. ಹಳದಿಯ ತೂತಿಗೆ ಕೆಂಪು ಹೋಗಿ ಓಕುಳಿಯಾಯಿತು. ಬೆರಳ ಬಣ್ಣ ನಾಲ್ಕು ದಿನ ಹೋಗಲಿಲ್ಲ. ಒಂದು ಮಾತ್ರ ಕೆಲಸಕ್ಕೆ ಬಂತು: ಅಕ್ಷರ ಹರಿದು ಹರಿದು ಬಂದಾಗ ಕಾರ್ಟ್ರಿಜ್ಜಿನ ತಾಮ್ರದ ಬಣ್ಣದ ಗುರುತುಗಳನ್ನು ಮುಟ್ಟದೆ, ಅಡಿಯ ಬಾಯನ್ನು ಬೆಚ್ಚಗಿನ ನೀರಲ್ಲಿ ಒದ್ದೆ ಮಾಡಿದ ಟಿಶ್ಯೂ ಕಾಗದದ ಮೇಲೆ ಎರಡು ನಿಮಿಷ ಇಟ್ಟರೆ ಒಣಗಿದ ಮಸಿ ಬಿಡುತ್ತದೆ. ಆದರೆ ಇದು ಹೆಡ್ಡು, ಅಂದರೆ ಮಸಿ ಚಿಮ್ಮುವ ಆ ಬಾಯಿ, ಕಾರ್ಟ್ರಿಜ್ಜಿನಲ್ಲೇ ಇರುವ ಪ್ರಿಂಟರಿಗೆ ಮಾತ್ರ.

ಮೇ ರಜೆಯಲ್ಲಿ ನಾನು ಒಂದೇ ಒಂದು ಹಾಳೆ ಪ್ರಿಂಟ್ ಮಾಡಿರಲಿಲ್ಲ. ಜೂನಿನಲ್ಲಿ ಹಚ್ಚಿದರೆ ಅರ್ಧ ಇದ್ದ ಕಾರ್ಟ್ರಿಜ್ ಖಾಲಿ! ನೆಂಟರ ಹುಡುಗನೊಬ್ಬ ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಓದುತ್ತಾನೆ, ಬಂದಿದ್ದ. "ಗುಡುಗು ಬಂದಾಗ ಎಂತ ಮಾಡ್ತೆ ಅತ್ತೆ?" ಎಂದು ಕೇಳಿದ. ಎಂತ ಮಾಡುವುದು, ಎಲ್ಲರೂ ಮಾಡುವುದನ್ನೇ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಮೂರಕ್ಕೆ ಮೋಡ ಕಪ್ಪಾದರೆ ಸಾಕು, ಟೀವಿಯಿಂದ ಹಿಡಿದು ಎಲ್ಲದರ ಪ್ಲಗ್ಗು ಕಿತ್ತಿಡುತ್ತೇವೆ. ತಪ್ಪು ಅಲ್ಲೇ ಇತ್ತು. ಪ್ರಿಂಟರನ್ನು ಅದರ ಬಟನ್ ಒತ್ತಿ ಆರಿಸಿದರೆ ಹೆಡ್ಡು ಮೂಲೆಗೆ ಸರಿದು ರಬ್ಬರಿನ ಮುಚ್ಚಳದ ಮೇಲೆ ಕೂರುತ್ತದೆ. ಅದು ದಾರಿಯಲ್ಲಿರುವಾಗ ಪ್ಲಗ್ಗು ಕಿತ್ತರೆ ಹೆಡ್ಡು ಬಾಯಿ ತೆರೆದುಕೊಂಡೇ ನಿಲ್ಲುತ್ತದೆ, ಮಸಿ ಒಣಗುತ್ತದೆ. ಹಾಗೆ ಕಿತ್ತದ್ದನ್ನು ಮತ್ತೆ ಹಚ್ಚಿದಾಗೆಲ್ಲ ನನ್ನ ಪ್ರಿಂಟರು ತನ್ನಷ್ಟಕ್ಕೇ ಬಾಯಿ ತೊಳೆದುಕೊಳ್ಳುತ್ತಿತ್ತು. ಹಚ್ಚಿದ ಕೂಡಲೇ ಒಂದು ನಿಮಿಷ ಗರಗರ ಎನ್ನುತ್ತಿದ್ದದ್ದು ಅದೇ. ತೊಳೆಯುವುದು ನೀರಿನಿಂದಲ್ಲ, 840 ರೂಪಾಯಿಯ ಮಸಿಯಿಂದ.

ಹುಡುಗ ಸ್ಕ್ರೂಡ್ರೈವರ್ ತಂದು ಅಡಿಯ ಮುಚ್ಚಳ ಬಿಚ್ಚಿಯೇಬಿಟ್ಟ. ಒಳಗೆ ಅಂಗೈಯಗಲದ ದಪ್ಪ ಬಟ್ಟೆಯಂಥ ಪ್ಯಾಡು, ಮಸಿ ಹೀರಿ ಉಬ್ಬಿ ಕುಳಿತಿತ್ತು. ಕಡ್ಡಿಯಿಂದ ಒತ್ತಿದರೆ ಕಪ್ಪು ನೀರು ಒಸರಿತು. ತೊಳೆದ ಮಸಿ ಹೋಗಿ ಸೇರುವ ಜಾಗ ಅದು. ನನ್ನ 190 ಪುಟದ ಆಚೆಯ ದುಡ್ಡೆಲ್ಲ ಅಲ್ಲಿತ್ತು. ನಾನು ಹೆಚ್ಚು ಪ್ರಿಂಟ್ ಮಾಡಿ ಮಸಿ ಖರ್ಚಾಗಿದ್ದಲ್ಲ, ಪ್ರಿಂಟ್ ಮಾಡದೇ ಇಟ್ಟು ಖರ್ಚಾಗಿದ್ದು.

ಇನ್ನು ಬೇರೆಯದು ತರಬೇಕಾಯಿತು. ಕುಮಟಾದಲ್ಲಿರುವ ನನ್ನಕ್ಕನ ಮನೆಯಲ್ಲಿ ಇಂಕ್ ಟ್ಯಾಂಕ್ ಪ್ರಿಂಟರ್ ಇದೆ, ಬಾಟಲಿಯಿಂದ ಮಸಿ ಸುರಿಯುವಂಥದ್ದು. ಎಪ್ಸನ್ ಕಂಪನಿ ಇಂಥದ್ದನ್ನು 2010ರಲ್ಲಿ ಮೊದಲು ಮಾರಿದ್ದು ಇಂಡೋನೇಷ್ಯಾದಲ್ಲಿ. ಒಂದು ಕಪ್ಪು ಬಾಟಲಿಗೆ ಸಾವಿರಗಟ್ಟಲೆ ಪುಟ ಬರುತ್ತದೆ. ಅವಳ ಮಕ್ಕಳಿಗೆ ದಿನಾ ಒಂದಲ್ಲ ಒಂದು ಕಲರ್ ಪ್ರಾಜೆಕ್ಟು, ಅದು ಒಣಗುವ ಪ್ರಶ್ನೆಯೇ ಇಲ್ಲ. ನನಗೆ ಕಲರು ಬೇಡ, ವರ್ಷದಲ್ಲಿ ಎರಡು ತಿಂಗಳು ಪ್ರಿಂಟರ್ ಮುಟ್ಟುವುದೂ ಇಲ್ಲ. ಎಪ್ಸನ್ನಿನ ಟ್ಯಾಂಕ್ ಪ್ರಿಂಟರಿನಲ್ಲಿ ಹೆಡ್ಡು ಮಿಶನ್ನಿನಲ್ಲೇ ಇರುತ್ತದೆ. ಅದು ಕಟ್ಟಿಕೊಂಡರೆ ಕಾರ್ಟ್ರಿಜ್ ಬದಲಾಯಿಸಿದ ಹಾಗೆ ಬದಲಾಯಿಸಲಿಕ್ಕಾಗದು.

ಒಣಗುವ ವಸ್ತುವೇ ಬೇಡ ಎಂದು ಲೇಸರಿಗೆ ಹೋದೆ. ಅದರ ಟೋನರು ಪ್ಲಾಸ್ಟಿಕ್ಕಿನ ಸಣ್ಣ ಪುಡಿ. ಬಿಸಿ ರೋಲರಿನಲ್ಲಿ ಕರಗಿ ಕಾಗದಕ್ಕೆ ಅಂಟುತ್ತದೆ. ಆರು ತಿಂಗಳು ಬಿಟ್ಟರೂ ಪುಡಿ ಪುಡಿಯೇ. ಪೇಟೆಯ ರಿಪೇರಿ ಅಂಗಡಿಯಲ್ಲಿ ಹಳೆಯ ಎಚ್‌ಪಿ ಲೇಸರ್‌ಜೆಟ್ 1020 ಒಂದು 4,500ಕ್ಕೆ ಸಿಕ್ಕಿತು. ಕಪ್ಪು ಬಿಳುಪು ಮಾತ್ರ, ವೈಫೈ ಇಲ್ಲ, ಮೊಬೈಲಿಂದ ಆಗುವುದಿಲ್ಲ, ವಾಯರೇ ಗತಿ. ಆದರೆ ಅದರ ಪುಡಿಯ ಡಬ್ಬಿ, 12ಎ ಟೋನರು, ಯಾವ ಡಿಟಿಪಿ ಅಂಗಡಿಗೆ ಹೋದರೂ ಗೊತ್ತು. ಕಂಪನಿಯ ಲೆಕ್ಕದಲ್ಲಿ ಅದಕ್ಕೆ 2,000 ಪುಟ. ಅಂಗಡಿಯಲ್ಲೇ ಇಪ್ಪತ್ತು ಹಾಳೆ ತೆಗೆಸಿದೆ, ಒಂದು ಪೂರ್ತಿ ಕಪ್ಪು ಹಾಳೆಯನ್ನೂ. ಒಂದೇ ಅಂತರದಲ್ಲಿ ಮತ್ತೆ ಮತ್ತೆ ಚುಕ್ಕೆ ಬಿದ್ದರೆ ಪುಡಿಯನ್ನು ಕಾಗದಕ್ಕೆ ದಾಟಿಸುವ ಡ್ರಮ್ಮಿಗೋ ರೋಲರಿಗೋ ಪೆಟ್ಟಾಗಿದೆ ಎಂದರ್ಥ. ಬೀಳಲಿಲ್ಲ.

ಟೋನರ್ ರೀಫಿಲ್ಲಿಗೆ 350 ರೂಪಾಯಿ. ಮೊದಲ ಸಲ ಮಾಡಿಸಿದ ಕಡೆ ಹಳೆಯ ವೇಸ್ಟ್ ಪುಡಿ ಖಾಲಿ ಮಾಡದೆ ಹೊಸತು ತುಂಬಿ ಕೊಟ್ಟರು, ಹಾಳೆಯೆಲ್ಲ ಬೂದು ಬೂದು, ಮಿಶನ್ನಿನೊಳಗೂ ಪುಡಿ. ಈಗ ಎದುರಿಗೇ ನಿಂತು ಮಾಡಿಸುತ್ತೇನೆ. ಮನೆಯಲ್ಲಿ ಚೆಲ್ಲಿದರೆ ಬಿಸಿನೀರು ತಾಗಿಸಬಾರದು, ಬಟ್ಟೆಗೆ ಅಂಟಿಬಿಡುತ್ತದೆ. ಕೊಡವಿ ತಣ್ಣೀರಲ್ಲಿ ತೊಳೆಯಬೇಕು. ಕಾಗದ ಸೇರಿಸಿ ಪುಟಕ್ಕೆ ಈಗ ಮುಕ್ಕಾಲು ರೂಪಾಯಿ ಬೀಳುತ್ತದೆ.

ಹಾಗಂತ ತಕರಾರು ಇಲ್ಲದಿಲ್ಲ. ರೋಲರು ಕಾಯುವಾಗ ಕರೆಂಟು ಸಿಕ್ಕಾಪಟ್ಟೆ ಎಳೆಯುತ್ತದೆ, ನಮ್ಮ ಇನ್ವರ್ಟರು ಕೂಗಿ ಆಫಾಯಿತು. ಕರೆಂಟು ಇದ್ದಾಗಲೇ ಪ್ರಿಂಟು. ಮಳೆಗಾಲದಲ್ಲಿ ಕಾಗದ ಥಂಡಿ ಹಿಡಿದು ಎರಡೆರಡು ಹಾಳೆ ಒಟ್ಟಿಗೆ ಒಳಗೆ ಹೋಗುತ್ತಿತ್ತು, ಹೊರಗೆ ಬಂದದ್ದು ಕೊಳವೆಯ ಹಾಗೆ ಸುರುಳಿ. ಅತ್ತೆಯವರ ಹಲಸಿನ ಹಪ್ಪಳದ ದೊಡ್ಡ ತಗಡಿನ ಡಬ್ಬಿ ನೆನಪಾಯಿತು. ಆಷಾಢದಲ್ಲೂ ಹಪ್ಪಳ ಗರಿಗರಿಯಾಗಿ ಇರುವುದು ಅದರಲ್ಲೇ. ಹೊಸ ರಿಮ್ಮು ಒಡೆದ ಕೂಡಲೇ ಅದರೊಳಗೆ ಇಟ್ಟೆ, ಬೇಕಾದಷ್ಟೇ ಹಾಳೆ ಟ್ರೇಗೆ. ಜಾಮ್ ನಿಂತಿತು. ಕಾಗದಕ್ಕೆ ಹಪ್ಪಳದ ವಾಸನೆ ಹಿಡಿದಿದೆ. "ಅಕ್ಕೋರೇ, ಪೇಪರ್ ನೋಡಿದ್ರೆ ಹಸಿವಾಗ್ತದೆ" ಎನ್ನುತ್ತಾನೆ ಒಂಬತ್ತನೇ ಕ್ಲಾಸಿನವನೊಬ್ಬ.

ಮೂರು ರೀಫಿಲ್ಲು ಆಯಿತು. ಈಗ ಹಾಳೆಯ ಎಡಗಡೆ ಮೇಲಿಂದ ಕೆಳಗಿನವರೆಗೆ ತೆಳ್ಳಗಿನ ಗೆರೆಯೊಂದು ಬರುತ್ತಿದೆ, ಡ್ರಮ್ಮು ಸವೆದಿದೆ. ಮುಂದಿನ ಸಲ ಪೇಟೆಗೆ ಹೋದಾಗ ಬದಲಾಯಿಸಬೇಕು. ಅಲ್ಲಿಯವರೆಗೆ ಮಕ್ಕಳು ಅದನ್ನೇ ಮಾರ್ಜಿನ್ ಮಾಡಿಕೊಂಡಿದ್ದಾರೆ.